ಮಂಡಿ ಮೇಲಿನ ಬಾಣದ ಗುರುತು

ಅಮ್ಮನ ಬಲಗಾಲಲ್ಲಿ, ಮಂಡಿಗಿಂತ ನಾಲ್ಕು ಬೆರಳು ಮೇಲೆ, ಮಾರ್ಕರ್ ಪೆನ್ನಲ್ಲಿ ಹಾಕಿದ ಒಂದು ಬಾಣದ ಗುರುತು ಇತ್ತು. ಆಪರೇಷನ್ ಆಗ್ಬೇಕಿದ್ದ ದಿನ ಬೆಳಿಗ್ಗೆ ಒಬ್ರು ಜೂನಿಯರ್ ಡಾಕ್ಟರ್ ಬಂದು "ಯಾವ ಕಾಲಮ್ಮ, ನೀವೇ ಹೇಳಿ" ಅಂತ ಅವಳ ಬಾಯಲ್ಲೇ ಹೇಳಿಸಿ, ಫೈಲ್ ನೋಡಿ, ಎಕ್ಸ್‌ರೇ ನೋಡಿ, ಆಮೇಲೆ ಬಾಣ ಹಾಕಿ ಹೋಗಿದ್ರು. ತಪ್ಪು ಕಾಲಿಗೆ ಕತ್ತರಿ ಬೀಳಬಾರ್ದು ಅಂತ ಎಲ್ಲಾ ಕಡೆ ಮಾಡೋ ಕ್ರಮ ಅದು. ಅಮ್ಮ ಹಿಂದಿನ ರಾತ್ರಿಯಿಂದ ಏನೂ ತಿಂದಿರ್ಲಿಲ್ಲ, ಕೈಗೆ ಸೂಜಿ ಚುಚ್ಚಿ ಆಗಿತ್ತು, ಬಳೆ ಓಲೆ ಎಲ್ಲಾ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ಲು. ಮಧ್ಯಾಹ್ನದ ಹೊತ್ತಿಗೆ ನಾವು ಅದೇ ಬಳೆ ಓಲೆ ಮತ್ತೆ ಹಾಕ್ಕೊಂಡು ಮನೆಗೆ ವಾಪಸ್ ಬಂದ್ವಿ. ಆಪರೇಷನ್ ಆಗ್ಲಿಲ್ಲ. ಆ ಬಾಣ ಮಾತ್ರ ಐದಾರು ದಿನ ಹೋಗ್ಲೇ ಇಲ್ಲ, ಎಷ್ಟು ಉಜ್ಜಿದ್ರೂ ಬಿಡ್ಲಿಲ್ಲ, ಅವಳು ಸೀರೆ ಸರಿ ಮಾಡ್ಕೊಳ್ಳುವಾಗ ಅದು ನನ್ನ ಕಣ್ಣಿಗೆ ಬೀಳ್ತಿತ್ತು, ಪ್ರತಿ ಸಲನೂ ಹೊಟ್ಟೆ ಒಳಗೆ ಏನೋ ತಿರುಚಿದ ಹಾಗೆ ಆಗ್ತಿತ್ತು.

ಯಾಕಂದ್ರೆ ಕೇಳ್ಬೇಕಾಗಿದ್ದವಳು ನಾನು. ಮತ್ತೆ, ಕೇಳಿದ್ದೆ ಕೂಡ. ಎರಡು ತಿಂಗಳ ಹಿಂದೆ ಅದೇ ಆಸ್ಪತ್ರೆ ಕೌಂಟರಲ್ಲಿ ಕಾರ್ಡ್ ತೋರ್ಸಿ "ನಮ್ಮ ಇನ್ಶೂರೆನ್ಸ್ ತಗೋತೀರಾ?" ಅಂದಿದ್ದೆ. ಅಲ್ಲಿದ್ದ ಹುಡುಗಿ ಕಾರ್ಡಿನ ಮೇಲಿದ್ದ ಕಂಪನಿ ಹೆಸರು ನೋಡಿ "ಹಾಂ ಮೇಡಂ, ತಗೋತೀವಿ" ಅಂದ್ಲು. ನಾನು ನೆಮ್ಮದಿಯಾಗಿ ಮನೆಗೆ ಬಂದು ಅಮ್ಮನಿಗೆ ಹೇಳಿದೆ, ದುಡ್ಡಿನ ಚಿಂತೆ ಬಿಡು ಅಂತ. ಆ ಹುಡುಗಿ ಸುಳ್ಳು ಹೇಳಿರ್ಲಿಲ್ಲ. ಆ ಆಸ್ಪತ್ರೆ ಆ ಕಂಪನಿಯ ಪಾಲಿಸಿ ನಿಜವಾಗ್ಲೂ ತಗೋತಿತ್ತು. ನಾನು ಕೇಳಿದ್ದಕ್ಕೆ ಅವಳು ಉತ್ತರ ಕೊಟ್ಲು ಅಷ್ಟೇ. ನಾನು ಕೇಳ್ಬೇಕಾಗಿದ್ದೇ ಬೇರೆ ಇತ್ತು, ಆ ಬೇರೆ ಏನು ಅಂತ ಗೊತ್ತಾಗಕ್ಕೆ ಅಮ್ಮ ಒಂದು ಸಲ ಹಸ್ಕೊಂಡು ಸ್ಟ್ರೆಚರ್ ಮೇಲೆ ಮಲಗಿ ಎದ್ದು ಬರ್ಬೇಕಾಯ್ತು. ಇದು ಇವತ್ತಿಗೂ ನನ್ನನ್ನ ಕೊರೀತಾ ಇರೋದು.

ಒಳ್ಳೆ ಮೂಳೆ ಡಾಕ್ಟರ್ ಯಾರಾದ್ರೂ ಗೊತ್ತಾ?

ಹುಡುಕಾಟ ಶುರುವಾಗಿದ್ದು ಎಲ್ಲರ ಮನೇಲೂ ಆಗೋ ಹಾಗೇನೇ. ಅಮ್ಮನಿಗೆ ಮೆಟ್ಟಿಲು ಇಳಿಯೋದು ಕಷ್ಟ ಆಯ್ತು, ಆಮೇಲೆ ಕೂತವಳು ಏಳೋದು ಕಷ್ಟ ಆಯ್ತು, ಆಮೇಲೆ ರಾತ್ರಿ ಮಗ್ಗಲು ಬದಲಿಸುವಾಗ ಎಚ್ಚರ ಆಗಕ್ಕೆ ಶುರುವಾಯ್ತು. ನಾನು ಗೊತ್ತಿರೋರಿಗೆಲ್ಲ ಫೋನ್ ಮಾಡಿ ಒಳ್ಳೆ ಮೂಳೆ ಡಾಕ್ಟರ್ ಯಾರಾದ್ರೂ ಗೊತ್ತಾ ಅಂತ ಕೇಳ್ದೆ. ಹೆಸರುಗಳು ಬಂದ್ವು, ಒಬ್ಬೊಬ್ರು ಒಂದೊಂದು, ಎಲ್ಲರೂ ಆಣೆ ಇಟ್ಟ ಹಾಗೆ ಹೇಳೋರೇ. ಒಬ್ರ ಮಗನ ಕೈ ಮುರಿದಾಗ ಚೆನ್ನಾಗಿ ಕೂಡಿಸಿದ್ರಂತೆ, ಇನ್ನೊಬ್ರ ಬೆನ್ನು ನೋವು ಆಪರೇಷನ್ ಇಲ್ದೆ ವಾಸಿ ಮಾಡಿದ್ರಂತೆ. ಎಲ್ಲಾ ನಿಜ ಇರ್ಬಹುದು. ಆದ್ರೆ ಅಮ್ಮನ ಮಂಡಿಗೆ ಅದ್ರಿಂದ ಏನು ಪ್ರಯೋಜನ ಅಂತ ನಾನು ಆಗ ಯೋಚ್ನೆನೇ ಮಾಡ್ಲಿಲ್ಲ.

ಆರ್ಥೋಪೆಡಿಕ್ಸ್ ಅನ್ನೋ ಪದ ಹುಟ್ಟಿದ್ದು ಮಕ್ಕಳಿಗೋಸ್ಕರ. 1741ರಲ್ಲಿ ನಿಕೋಲಾ ಆಂಡ್ರಿ ಅನ್ನೋ ಫ್ರೆಂಚ್ ವೈದ್ಯ, ನೆಟ್ಟಗೆ ಅನ್ನೋ ಅರ್ಥದ ಗ್ರೀಕ್ ಪದ ಮತ್ತೆ ಮಗು ಅನ್ನೋ ಅರ್ಥದ ಗ್ರೀಕ್ ಪದ ಎರಡನ್ನೂ ಸೇರಿಸಿ ಈ ಹೆಸರು ಕಟ್ಟಿದ. ಸೊಟ್ಟಗೆ ಬೆಳೆದ ಎಳೆ ಗಿಡಕ್ಕೆ ಊರುಗೋಲು ಕೊಟ್ಟು ಹಗ್ಗ ಸುತ್ತಿರೋ ಅವನ ಚಿತ್ರ ಇವತ್ತಿಗೂ ಮೂಳೆ ಡಾಕ್ಟರ್‌ಗಳ ಸಂಘಗಳ ಲಾಂಛನದಲ್ಲಿ ಕಾಣಿಸುತ್ತೆ. ಆಗ ಅದು ಒಂದೇ ಗಿಡ. ಈಗ ಅದ್ರಲ್ಲಿ ಕೊಂಬೆಗಳು ಎಷ್ಟು ಅಂದ್ರೆ, ಕೈ ಮತ್ತು ಮಣಿಕಟ್ಟು ಮಾತ್ರ ನೋಡೋರು ಇದಾರೆ, ಭುಜ ನೋಡೋರು ಬೇರೆ, ಬೆನ್ನುಮೂಳೆ ನೋಡೋರು ಬೇರೆ, ಪಾದ ಮತ್ತು ಕಣಕಾಲಿನವ್ರು ಬೇರೆ, ಮಂಡಿ-ಸೊಂಟದ ಕೀಲು ಬದಲಿಸೋರು ಬೇರೆ, ಮಕ್ಕಳ ಮೂಳೆಗೇ ಬೇರೆ, ಮೂಳೆ ಗಡ್ಡೆಗೆ ಬೇರೆ. ಸಾಮಾನ್ಯ ಮುರಿತಕ್ಕೆ ಎಲ್ಲರೂ ಆಗ್ತಾರೆ, ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ಕೀಲು ಬದಲಿಸೋ ಅಂಥ ಕೆಲಸಕ್ಕೆ, ಅದನ್ನೇ ಮೇಲಿಂದ ಮೇಲೆ ಮಾಡೋ ಕೈ ಬೇಕು. ಯಾವ ಸರ್ಜನ್ ಒಂದೇ ಆಪರೇಷನ್ ಹೆಚ್ಚು ಸಲ ಮಾಡ್ತಾರೋ ಅವರ ಹತ್ರ ತೊಂದ್ರೆಗಳು ಕಮ್ಮಿ ಅನ್ನೋದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿರೋ ವಿಷ್ಯ. ಹಾಗಾಗಿ ಈಗ ನಾನು ಯಾರನ್ನೇ ಕೇಳಿದ್ರೂ "ಮಂಡಿ ಬದಲಿಸೋ ಆಪರೇಷನ್ ಯಾರ ಹತ್ರ ಮಾಡಿಸ್ಕೊಂಡ್ರಿ, ಈಗ ಹೇಗೆ ನಡೀತಿದೀರಿ" ಅಂತ ಕೇಳ್ತೀನಿ. ಫಿಸಿಯೋಥೆರಪಿಸ್ಟ್‌ಗಳನ್ನ ಕೇಳ್ತೀನಿ, ಯಾಕಂದ್ರೆ ಆಪರೇಷನ್ ಆದ್ಮೇಲೆ ಯಾರ ಕಾಲು ಎಷ್ಟು ಬಗ್ಗುತ್ತೆ ಅಂತ ದಿನಾ ಕೈಯಲ್ಲಿ ಹಿಡಿದು ನೋಡೋರು ಅವ್ರೇ.

ಮೊದಲು ತೋರ್ಸಿದ ಡಾಕ್ಟರ್, ಎಂ‌ಆರ್‌ಐ ಮಾಡಿಸಿ, ಗಾದಿ (ಮಂಡಿ ಒಳಗೆ ಎರಡು ಮೂಳೆ ಮಧ್ಯೆ ಮೆತ್ತೆ ಹಾಗಿರೋ ಭಾಗ) ಹರಿದಿದೆ, ಸಣ್ಣ ತೂತು ಮಾಡಿ ಒಳಗೆಲ್ಲ ಕ್ಲೀನ್ ಮಾಡ್ಬಿಡೋಣ, ಇನ್ಶೂರೆನ್ಸಲ್ಲಿ ಬರುತ್ತೆ ಅಂದ್ರು. ಆ ಕೊನೇ ಮಾತು ಕೇಳಿ ನಾನು ಹೂಂ ಅನ್ನೋದ್ರಲ್ಲಿದ್ದೆ. ಪುಣ್ಯಕ್ಕೆ ಇನ್ನೊಬ್ರನ್ನ ಕೇಳೋಣ ಅಂತ ಅಮ್ಮನೇ ಹಠ ಹಿಡಿದ್ಲು. ಎರಡನೇ ಡಾಕ್ಟರ್ ಎಂ‌ಆರ್‌ಐ ಪಕ್ಕಕ್ಕಿಟ್ಟು "ನಿಂತ್ಕೊಂಡು ತೆಗ್ಸಿರೋ ಎಕ್ಸ್‌ರೇ ಇದ್ಯಾ?" ಅಂದ್ರು. ಇರ್ಲಿಲ್ಲ. ಮಲಗಿಸಿ ತೆಗೆದ್ರೆ ಕೀಲಿನ ಮಧ್ಯೆ ಜಾಗ ಇರೋ ಹಾಗೆ ಕಾಣ್ಬಹುದು, ಮೈ ಭಾರ ಬಿದ್ದಾಗ್ಲೇ ಮೂಳೆ ಮೂಳೆ ಎಷ್ಟು ಹತ್ರ ಬಂದಿದೆ ಅಂತ ಗೊತ್ತಾಗೋದು. ನಿಲ್ಲಿಸಿ ತೆಗ್ಸಿದ ಎಕ್ಸ್‌ರೇಲಿ ಒಳಮಗ್ಗುಲಲ್ಲಿ ಜಾಗನೇ ಇರ್ಲಿಲ್ಲ, ಎರಡು ಮೂಳೆ ಒಂದಕ್ಕೊಂದು ಅಂಟಿ ಕೂತ ಹಾಗಿತ್ತು. ಸವೆದ ಮಂಡಿಗೆ ತೂತು ಮಾಡಿ ತೊಳೆದ್ರೆ ಏನೂ ಉಪಯೋಗ ಆಗಲ್ಲಮ್ಮ ಅಂದ್ರು ಅವ್ರು.

ಮನೆಗೆ ಬಂದು ಓದಿದೆ. 2002ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಮಂಡಿ ಸವೆದಿದ್ದ 180 ಜನರ ಮೇಲೆ ಒಂದು ಪ್ರಯೋಗ ಆಗಿತ್ತು. ಕೆಲವರಿಗೆ ನಿಜವಾಗ್ಲೂ ಮಂಡಿ ಒಳಗೆ ತೊಳೆದು ಕ್ಲೀನ್ ಮಾಡಿದ್ರು, ಇನ್ನು ಕೆಲವರಿಗೆ ಚರ್ಮದ ಮೇಲೆ ಬರೀ ಗಾಯ ಮಾಡಿ ಹೊಲಿದ್ರು, ಯಾರಿಗೆ ಏನು ಮಾಡಿದ್ದು ಅಂತ ರೋಗಿಗಳಿಗೆ ಗೊತ್ತಿಲ್ಲ. ಎರಡು ವರ್ಷ ನೋಡಿದ್ರೂ ನೋವಲ್ಲಿ ಅವರಿಗೂ ಇವರಿಗೂ ವ್ಯತ್ಯಾಸ ಕಾಣ್ಲಿಲ್ಲ. 2013ರಲ್ಲಿ ಫಿನ್‌ಲ್ಯಾಂಡ್‌ನವ್ರು, ವಯಸ್ಸಿಗೆ ಸವೆದು ಗಾದಿ ಹರಿದಿದ್ದ 146 ಜನರ ಮೇಲೆ ಇಂಥದ್ದೇ ಮಾಡಿದ್ರು, ಒಂದು ವರ್ಷ ಆದ್ಮೇಲೆ ಅಲ್ಲೂ ಅದೇ ಫಲ. (ಆಟ ಆಡುವಾಗ ಗಾದಿ ಹರಿದು ಮಂಡಿ ಸಿಕ್ಕಿಹಾಕ್ಕೊಂಡಿರೋ ಹುಡುಗರ ಕತೆ ಬೇರೆ, ಅದಕ್ಕೂ ಇದಕ್ಕೂ ಗಂಟು ಹಾಕ್ಬೇಡಿ.) ಓದ್ತಾ ಓದ್ತಾ ಎದೆ ಧಸಕ್ ಅಂತು. ಇನ್ಶೂರೆನ್ಸ್ ಕೊಡುತ್ತೆ ಅನ್ನೋ ಒಂದೇ ಕಾರಣಕ್ಕೆ ನಾನು ಅಮ್ಮನ ಕಾಲನ್ನ ಬೇಡದ ಕೆಲಸಕ್ಕೆ ಒಡ್ಡಿಬಿಡ್ತಿದ್ದೆ. ದುಡ್ಡು ಬರುತ್ತಾ ಅನ್ನೋ ಪ್ರಶ್ನೆ, ಈ ಆಪರೇಷನ್ ಬೇಕಾ ಅನ್ನೋ ಪ್ರಶ್ನೆಯನ್ನ ನುಂಗಿಹಾಕಿತ್ತು.

ಆ ದಿನ ಬೆಳಿಗ್ಗೆ

ಹಾಗೆ ಎರಡನೇ ಡಾಕ್ಟರ್ ಹತ್ರನೇ ಮಂಡಿ ಬದಲಿಸೋದು ಅಂತ ತೀರ್ಮಾನ ಆಯ್ತು. ಅವ್ರು ಒಳ್ಳೇವ್ರು, ಇವತ್ತಿಗೂ ಹೇಳ್ತೀನಿ. ವರ್ಷಕ್ಕೆ ಎಷ್ಟು ಮಾಡ್ತೀರಿ, ಸೋಂಕು ಆದ್ರೆ ಏನು ಮಾಡ್ತೀರಿ, ಎಷ್ಟು ವರ್ಷ ಬರುತ್ತೆ ಅಂತೆಲ್ಲ ಕೇಳಿದ್ದಕ್ಕೆ ಒಂದು ಚೂರೂ ಬೇಜಾರು ಮಾಡ್ಕೊಳ್ಳದೆ ಹೇಳಿದ್ರು. 2019ರಲ್ಲಿ ದಿ ಲ್ಯಾನ್ಸೆಟ್‌ನಲ್ಲಿ ಬಂದ ಒಂದು ಲೆಕ್ಕ ಇದೆ, ಪೂರ್ತಿ ಬದಲಿಸಿದ ಮಂಡಿಗಳಲ್ಲಿ ಸುಮಾರು ನೂರಕ್ಕೆ 82, ಇಪ್ಪತ್ತೈದು ವರ್ಷ ಬಾಳ್ತವೆ ಅಂತ. ಅದನ್ನ ಅಮ್ಮನಿಗೆ ಹೇಳಿದಾಗ "ಹಾಗಾದ್ರೆ ನನಗಿಂತ ಅದೇ ಗಟ್ಟಿ" ಅಂದು ಸಮಾಧಾನ ಪಟ್ಕೊಂಡಿದ್ಲು.

ದುಡ್ಡಿನ ವಿಷ್ಯ ಮಾತ್ರ ಅವ್ರಿಗೆ ಏನೂ ಗೊತ್ತಿರ್ಲಿಲ್ಲ, "ಅದನ್ನ ಕೆಳಗಡೆ ಕೇಳಿ" ಅಂದ್ರು. ಕೆಳಗಡೆ ಕೇಳಿದ್ದು ನಾನು ಮೊದಲೇ ಹೇಳಿದ್ನಲ್ಲ, ಅಷ್ಟೇ. ಆಪರೇಷನ್ ದಿನ ಬೆಳಿಗ್ಗೆ ಒಂಬತ್ತೂವರೆಗೆ ನನ್ನನ್ನ ಇನ್ಶೂರೆನ್ಸ್ ಡೆಸ್ಕಿಗೆ ಕರೆದ್ರು. ಕಂಪ್ಯೂಟರ್ ಮುಂದೆ ಕೂತಿದ್ದ ಒಬ್ಬ ವಯಸ್ಸಾದ ಮನುಷ್ಯ, ಕನ್ನಡಕ ಹಣೆ ಮೇಲೆ ಏರಿಸ್ಕೊಂಡು, ಪಾಪ ಮೆಲ್ಲಗೆ ಬಿಡಿಸಿ ಹೇಳಿದ್ರು. ಆಸ್ಪತ್ರೆ ನಿಮ್ಮ ಪಾಲಿಸಿಯ ಪಟ್ಟಿಲಿದೆ ಮೇಡಂ, ಬೆಡ್ಡು, ಥಿಯೇಟರ್, ಔಷಧಿ, ಎಲ್ಲದಕ್ಕೂ ಒಪ್ಪಿಗೆ ಬಂದಿದೆ. ಆದ್ರೆ ನಿಮ್ಮ ಸರ್ಜನ್ ಇಲ್ಲಿ ನೌಕರಿಯವ್ರಲ್ಲ, ಹೊರಗಿಂದ ಬಂದು ಮಾಡ್ತಾರೆ, ಅವರ ಬಿಲ್ ಬೇರೆ, ಅವರಿಗೂ ನಿಮ್ಮ ಕಂಪನಿಗೂ ಒಪ್ಪಂದ ಇಲ್ಲ. ಅವರ ಫೀಸು ನೀವು ಈಗ್ಲೇ ಕಟ್ಬೇಕು, ಆಮೇಲೆ ಕಂಪನಿ ಎಷ್ಟು ವಾಪಸ್ ಕೊಡುತ್ತೋ ಅದು ಅವರಿಗೆ ಬಿಟ್ಟಿದ್ದು. ಮೊತ್ತ ಕೇಳಿ ನಾನು ಅಲ್ಲೇ ಗೋಡೆ ಹಿಡ್ಕೊಂಡೆ. ಅಣ್ಣನಿಗೆ ಫೋನ್ ಮಾಡ್ದೆ, ಅವನು ಇಬ್ರಿಗೆ ಫೋನ್ ಮಾಡ್ದ, ಅವ್ರು ಸಂಜೆ ಒಳಗೆ ಹೊಂದಿಸಕ್ಕಾಗಲ್ಲ ಅಂದ್ರು. ಹನ್ನೊಂದು ಗಂಟೆಗೆ ಥಿಯೇಟರ್ ಇನ್ನೊಬ್ರಿಗೆ ಕೊಟ್ರು.

ವಾರ್ಡಿಗೆ ಹೋಗಿ ಅಮ್ಮನಿಗೆ ಹೇಳೋದು ಹೇಗೆ ಅಂತ ಬಾಗಿಲ ಹತ್ರ ಸುಮ್ನೆ ನಿಂತಿದ್ದೆ. ಅವಳೇ ನನ್ನ ಮುಖ ನೋಡಿ "ಇವತ್ತು ಆಗಲ್ವಾ?" ಅಂದ್ಲು. ಇಲ್ಲಮ್ಮ ಅಂದೆ. ನರ್ಸ್ ಬಂದು ಕೈಯಿಂದ ಸೂಜಿ ತೆಗೆದು ಹತ್ತಿ ಒತ್ತಿದ್ರು. "ಬಿಡು, ಇಷ್ಟು ವರ್ಷ ನೋವು ತಿಂದಿದೀನಿ, ಇನ್ನೊಂದು ತಿಂಗಳು" ಅಂತ ನನ್ನನ್ನೇ ಸಮಾಧಾನ ಮಾಡಿದ್ಲು. ಆ ಹತ್ತಿ ಮೇಲೆ ಒಂದು ಕೆಂಪು ಚುಕ್ಕೆ ನಿಧಾನಕ್ಕೆ ದೊಡ್ಡದಾಗ್ತಾ ಇದ್ದಿದ್ದು ನನಗೆ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ತಗೋತೀವಿ ಅಂದ್ರೆ ಏನು

ಆ ಒಂದು ತಿಂಗಳು ನಾನು ಪಾಲಿಸಿ ಪುಸ್ತಕ ಮೊದಲಿಂದ ಕೊನೆವರೆಗೂ ಓದಿದೆ, ಜೀವನದಲ್ಲಿ ಮೊದಲನೇ ಸಲ. ಗೊತ್ತಾಗಿದ್ದು ಏನಂದ್ರೆ "ಇನ್ಶೂರೆನ್ಸ್ ತಗೋತೀವಿ" ಅನ್ನೋದಕ್ಕೆ ಕಮ್ಮಿ ಅಂದ್ರೂ ಮೂರು ಅರ್ಥ ಇದೆ. ನಿಮ್ಮ ಕಾಗದಪತ್ರ ಕಂಪನಿಗೆ ಕಳಿಸಿಕೊಡ್ತೀವಿ, ಅವ್ರು ಕೊಟ್ಟಷ್ಟು ಕೊಡ್ಲಿ, ಮಿಕ್ಕಿದ್ದು ನೀವು ಕಟ್ಟಿ ಅನ್ನೋದು ಒಂದು. ಆ ಕಂಪನಿಯ ಯಾವುದೋ ಒಂದು ಪ್ಲಾನ್ ಜೊತೆ ನಮಗೆ ಒಪ್ಪಂದ ಇದೆ, ನಿಮ್ಮದೇ ಪ್ಲಾನ್ ಅಂತ ಹೇಳಕ್ಕಾಗಲ್ಲ ಅನ್ನೋದು ಇನ್ನೊಂದು. ನಿಮ್ಮ ಇದೇ ಪ್ಲಾನಿನ ನೆಟ್‌ವರ್ಕ್‌ನಲ್ಲಿ ನಾವಿದೀವಿ, ಮಾತಾಡಿಕೊಂಡ ದರಕ್ಕೇ ಮಾಡ್ತೀವಿ ಅನ್ನೋದು ಮೂರನೇದು. ನಮಗೆಲ್ಲ ಬೇಕಾಗಿರೋದು ಈ ಮೂರನೇದು. ಕೌಂಟರಲ್ಲಿ ಸಿಗೋ "ಹೌದು" ಈ ಮೂರರಲ್ಲಿ ಯಾವುದು ಬೇಕಾದ್ರೂ ಆಗಿರ್ಬಹುದು.

ಅದಕ್ಕೇ ಈಗ ನಾನು ತಗೋತೀರಾ ಅಂತ ಕೇಳೋದೇ ಬಿಟ್ಟಿದೀನಿ. ಕಾರ್ಡ್ ಕೈಯಲ್ಲಿಟ್ಕೊಂಡು, ಈ ಪ್ಲಾನಿನ ಹೆಸರು ಇದು, ಸದಸ್ಯರ ನಂಬರ್ ಇದು, ಈ ಪ್ಲಾನಿನ ನೆಟ್‌ವರ್ಕ್‌ನಲ್ಲಿ ಇಂಥ ಡಾಕ್ಟರ್ ಇದಾರಾ, ಇಂಥ ವಿಳಾಸದ ಆಸ್ಪತ್ರೆಲಿ ಅವ್ರು ಮಾಡೋ ಇಂಥ ಆಪರೇಷನ್‌ಗೆ ಅದು ಅನ್ವಯಿಸುತ್ತಾ ಅಂತ ಕೇಳ್ತೀನಿ. ವಿಳಾಸ ಯಾಕೆ ಅಂದ್ರೆ ಒಬ್ರೇ ಡಾಕ್ಟರ್ ಎರಡು ಮೂರು ಕಡೆ ಕೂರ್ತಾರೆ, ಒಂದು ಕಡೆ ನೆಟ್‌ವರ್ಕ್ ಒಳಗೆ, ಇನ್ನೊಂದು ಕಡೆ ಹೊರಗೆ ಇರೋದುಂಟು. ಆಪರೇಷನ್‌ಗೆ ಒಂದು ಕೋಡ್ ಇರುತ್ತೆ, ಡಾಕ್ಟರ್ ಆಫೀಸಲ್ಲಿ ಕೇಳಿದ್ರೆ ಬರ್ಕೊಡ್ತಾರೆ, ಆ ಕೋಡ್ ಹೇಳಿದ್ರೆ ಕಂಪನಿಯವರ ಮಾತಿನ ಧಾಟಿನೇ ಬದಲಾಗುತ್ತೆ, ಅಲ್ಲಿವರೆಗೂ "ಸಾಮಾನ್ಯವಾಗಿ ಬರುತ್ತೆ" ಅಂತಿದ್ದವ್ರು ನಿಖರವಾಗಿ ಹೇಳಕ್ಕೆ ಶುರು ಮಾಡ್ತಾರೆ. ಮತ್ತೆ ಎರಡೂ ಕಡೆ ಕೇಳ್ಬೇಕು, ಆಸ್ಪತ್ರೆನೂ ಕಂಪನಿನೂ. ಕಂಪನಿಯ ಪಟ್ಟಿಲಿ ಹೆಸರು ಇದ್ದ ಮಾತ್ರಕ್ಕೆ ನಂಬೋ ಹಾಗಿಲ್ಲ, ಒಪ್ಪಂದ ಮುಗಿದು ಎಷ್ಟೋ ದಿನ ಆದ್ರೂ ಹೆಸರು ಪಟ್ಟಿಲಿ ಹಾಗೇ ಕೂತಿರುತ್ತೆ.

ಸರ್ಜನ್ ಒಬ್ರು ಸರಿ ಇದ್ರೆ ಸಾಕು ಅಂದ್ಕೊಂಡ್ರೂ ತಪ್ಪೇ. ಅನಸ್ತೇಷಿಯಾ ಕೊಡೋ ಡಾಕ್ಟರ್ ಬೇರೆ ಬಿಲ್ ಕಳಿಸ್ತಾರಾ, ಸಹಾಯಕ್ಕೆ ನಿಲ್ಲೋ ಇನ್ನೊಬ್ಬ ಸರ್ಜನ್ ಇದಾರಾ, ಒಳಗೆ ಕೂರಿಸೋ ಕೃತಕ ಕೀಲಿಗೆ ಕಂಪನಿ ಮಿತಿ ಇಟ್ಟಿದ್ಯಾ, ರೂಮಿಗೆ ಮಿತಿ ಇದ್ಯಾ, ಪಾಲಿಸಿ ತಗೊಂಡು ಇಷ್ಟು ವರ್ಷ ಆಗೋವರೆಗೂ ಕೀಲಿನ ಆಪರೇಷನ್‌ಗೆ ಕೊಡಲ್ಲ ಅನ್ನೋ ಷರತ್ತು ಇದ್ಯಾ, ನಮ್ಮ ಪಾಲು ಎಷ್ಟು. ಫಿಸಿಯೋಥೆರಪಿದು ನಾನು ಒತ್ತಿ ಹೇಳ್ತೀನಿ. ಮಂಡಿ ಬದಲಿಸಿದ ಮೇಲೆ ಮೊದಲ ಆರು ವಾರ ಕಾಲು ಬಗ್ಗಿಸಿ ಚಾಚಿ ಮಾಡ್ದೇ ಇದ್ರೆ ಎಷ್ಟು ಒಳ್ಳೆ ಆಪರೇಷನ್ ಆಗಿದ್ರೂ ಕಾಲು ಬಿರುಸಾಗಿ ಕೂತುಬಿಡುತ್ತೆ, ಪಾಲಿಸಿಗಳು ಇದಕ್ಕೆ ಇಷ್ಟೇ ಸಲ ಅಂತ ಲೆಕ್ಕ ಇಟ್ಟಿರ್ತವೆ, ಕೆಲವು ಕೊಡೋದೇ ಇಲ್ಲ. ಇದು ಆಪರೇಷನ್ ಮುಂಚೆನೇ ಗೊತ್ತಿರ್ಬೇಕು.

ಮುಂಗಡ ಒಪ್ಪಿಗೆ ಬಗ್ಗೆ ಒಂದು ಮಾತು. ಅದು ಬಂತು ಅಂದ್ರೆ ದುಡ್ಡು ಬಂದ ಹಾಗೆ ಅಂತ ಎಲ್ಲರೂ ಅಂದ್ಕೋತಾರೆ, ನಾನೂ ಅಂದ್ಕೊಂಡಿದ್ದೆ. ಈ ಆಪರೇಷನ್‌ಗೆ ಸದ್ಯಕ್ಕೆ ಒಪ್ತೀವಿ ಅನ್ನೋದಷ್ಟೇ ಅದು, ಬಿಲ್ ಬಂದ್ಮೇಲೆ ಮತ್ತೆ ನೋಡ್ತೀವಿ ಅನ್ನೋ ಸಾಲು ಅದೇ ಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತೆ. ಅದಕ್ಕೆ ತಾರೀಕೂ ಇರುತ್ತೆ, ಆಪರೇಷನ್ ಮುಂದಕ್ಕೆ ಹೋದ್ರೆ ಹೊಸದಾಗಿ ತಗೋಬೇಕು. ಫೋನಲ್ಲಿ ಯಾರು ಏನೇ ಹೇಳ್ಲಿ, ಅವರ ಹೆಸರು, ದಿನ, ಗಂಟೆ, ಕೊಟ್ಟ ರೆಫರೆನ್ಸ್ ನಂಬರ್ ಬರೆದಿಟ್ಕೊಳ್ಳಿ, ಆಮೇಲೆ ಅದನ್ನೇ ಈಮೇಲಲ್ಲಿ ಹಾಕಿ ಹೌದಾ ಅಂತ ಕೇಳಿ. ಬಾಯಿಮಾತು ಬಿಲ್ಲಿನ ದಿನ ಯಾರಿಗೂ ನೆನಪಿರಲ್ಲ.

ಇಷ್ಟೆಲ್ಲ ಹೇಳ್ತಾ ಒಂದು ಹೆದರಿಕೆನೂ ಇದೆ, ಯಾರಾದ್ರೂ ಇದನ್ನ ಓದಿ ತುರ್ತು ಹೊತ್ತಲ್ಲೂ ಫೋನ್ ಹಿಡ್ಕೊಂಡು ಕೂತ್ಬಿಟ್ರೆ ಅಂತ. ಮೂಳೆ ಚರ್ಮ ಹರ್ಕೊಂಡು ಹೊರಗೆ ಬಂದಿದ್ರೆ, ಪೆಟ್ಟಾದ ಕೈಕಾಲು ತಣ್ಣಗಾಗಿ ಬಣ್ಣ ಬದಲಾಗ್ತಿದ್ರೆ, ಬೆರಳಿಗೆ ಸ್ಪರ್ಶ ಗೊತ್ತಾಗದೆ ಹೋದ್ರೆ, ಜ್ವರದ ಜೊತೆ ಒಂದು ಕೀಲು ಊದಿ ಕೆಂಪಾಗಿ ಅಲುಗಾಡಿಸಕ್ಕೇ ಆಗದಿದ್ರೆ, ಬೆನ್ನು ನೋವಿನ ಜೊತೆ ಮೂತ್ರ ನಿಂತುಹೋದ್ರೆ ಅಥವಾ ತೊಡೆ ಸಂದು ಜೋಮು ಹಿಡಿದ್ರೆ, ಪಟ್ಟಿ ಗಿಟ್ಟಿ ಏನೂ ನೋಡ್ಬೇಡಿ, ಹತ್ರದ ಎಮರ್ಜೆನ್ಸಿಗೆ ಓಡಿ. ಅಲ್ಲಿ ಗಂಟೆಗಳ ಲೆಕ್ಕ. ಒಳಗೆ ಸೇರಿಸಿದ ಮೇಲೆ ಮನೆಯವರೊಬ್ರು ಕಂಪನಿಗೆ ತಿಳಿಸಿದ್ರಾಯ್ತು, ಆದ್ರೆ ಎಷ್ಟು ಗಂಟೆ ಒಳಗೆ ತಿಳಿಸ್ಬೇಕು ಅಂತ ಪಾಲಿಸಿಲಿ ಇರುತ್ತೆ, ಅದನ್ನ ಮರೀಬೇಡಿ. ಸವೆದ ಮಂಡಿ ಹಾಗಲ್ಲ. ಅದು ವರ್ಷಗಟ್ಟಲೆ ಸವೆದು ಬಂದಿರೋದು, ನಾಲ್ಕು ವಾರ ಕೇಳ್ಕೊಂಡು ಓಡಾಡಕ್ಕೆ ಸಮಯ ಕೊಡುತ್ತೆ.

ಎರಡನೇ ಬಾಣ

ಡಾಕ್ಟರ್ ಬದಲಾಯಿಸ್ಲಿಲ್ಲ ನಾವು. ಅವ್ರು ವಾರಕ್ಕೆ ಎರಡು ದಿನ ಇನ್ನೊಂದು ಆಸ್ಪತ್ರೆಲಿ ಮಾಡ್ತಾರೆ, ಅಲ್ಲಿ ಅವರ ಫೀಸೂ ಆಸ್ಪತ್ರೆ ಬಿಲ್ ಒಳಗೇ ಬರುತ್ತೆ, ಆ ಆಸ್ಪತ್ರೆ ನಮ್ಮ ಪ್ಲಾನಿನ ನೆಟ್‌ವರ್ಕ್‌ನಲ್ಲಿದೆ. ಇದನ್ನ ನನಗೆ ಹೇಳಿದ್ದು ಯಾರು ಗೊತ್ತಾ, ಅದೇ ಹಣೆ ಮೇಲೆ ಕನ್ನಡಕ ಏರಿಸ್ಕೊಂಡಿದ್ದ ಮನುಷ್ಯ. ತಮ್ಮ ಆಸ್ಪತ್ರೆಗೆ ಬರೋ ಕೆಲಸ ಬೇರೆ ಕಡೆ ಹೋಗುತ್ತೆ ಅಂತ ಗೊತ್ತಿದ್ರೂ, ಸುತ್ತ ನೋಡಿ, ದನಿ ತಗ್ಗಿಸಿ, ಒಂದು ಚೀಟಿಲಿ ಬರ್ಕೊಟ್ರು. ಡಾಕ್ಟರ್‌ಗೂ ಗೊತ್ತಿಲ್ದೇ ಇರೋದು ಬಿಲ್ಲಿಂಗ್ ಮೇಜಿನವರಿಗೆ ಗೊತ್ತಿರುತ್ತೆ. ಎರಡು ತಿಂಗಳ ಮುಂಚೆ ನಾನು ಅವರ ಮುಂದೆ ಕೂತ್ಕೊಂಡು ಹತ್ತು ನಿಮಿಷ ಮಾತಾಡಿದ್ರೆ ಸಾಕಾಗಿತ್ತು.

ಎರಡನೇ ಸಲ ನನ್ನ ಹತ್ರ ಒಂದು ಫೈಲ್ ಇತ್ತು, ಒಳಗೆ ಕಂಪನಿಯ ಈಮೇಲ್, ಹೊಸ ತಾರೀಕಿನ ಒಪ್ಪಿಗೆ ಪತ್ರ, ಅನಸ್ತೇಷಿಯಾ ಡಾಕ್ಟರ್ ಹೆಸರು, ಕೃತಕ ಕೀಲಿನ ಮಿತಿ, ಫಿಸಿಯೋಥೆರಪಿ ಎಷ್ಟು ಸಲ ಅನ್ನೋದು. ಬೆಳಿಗ್ಗೆ ಮತ್ತೊಬ್ರು ಜೂನಿಯರ್ ಡಾಕ್ಟರ್ ಮಾರ್ಕರ್ ಹಿಡ್ಕೊಂಡು ಬಂದು ಯಾವ ಕಾಲು ಅಂದ್ರು. ಅಮ್ಮ ಬಲಗಾಲು ಅಂತ ಹೇಳಿ, ಅವ್ರು ಬಗ್ಗೋ ಮುಂಚೆ ನನ್ನ ಕಡೆ ತಿರುಗಿ "ಎಲ್ಲಾ ಕೇಳಿದೀಯಲ್ಲ, ಹಾಕಿಸ್ಕೊಳ್ಳಾ?" ಅಂದ್ಲು. ಹಾಕಿಸ್ಕೋ ಅಮ್ಮ ಅಂದೆ. ಆ ಬಾಣ ಆ ದಿನ ಬಟ್ಟೆಯ ಕಟ್ಟಿನ ಕೆಳಗೆ ಹೋಯ್ತು, ಹೊಲಿಗೆ ಬಿಚ್ಚುವಾಗ ನೋಡಿದ್ರೆ ಅಲ್ಲಿ ಇರ್ಲಿಲ್ಲ.

ಹೋದ ವಾರ ಚಿಕ್ಕಮ್ಮ ಫೋನ್ ಮಾಡಿದ್ರು, ಭುಜ ಎತ್ತಕ್ಕೇ ಆಗ್ತಿಲ್ಲ, ಯಾರೋ ಒಬ್ಬ ಡಾಕ್ಟರ್ ಹೆಸರು ಹೇಳಿದಾರೆ, ಅಲ್ಲಿ ಇನ್ಶೂರೆನ್ಸೂ ತಗೋತಾರಂತೆ ಅಂತ. ನಾನು ಫೋನ್ ಇಸ್ಕೊಳ್ಳೋಣ ಅಂತ ಕೈ ಚಾಚಿದೆ. ಅಮ್ಮ ಕೊಡ್ಲಿಲ್ಲ. ಸೋಫಾದಿಂದ ಎದ್ದು, ಯಾವುದನ್ನೂ ಹಿಡ್ಕೊಳ್ಳದೆ, ಕಿಟಕಿ ಹತ್ರ ನಡ್ಕೊಂಡು ಹೋಗಿ ನಿಂತು ಹೇಳ್ತಿದ್ಲು, "ಆ ಡಾಕ್ಟರ್ ಭುಜದವ್ರಾ, ಅದು ಮೊದಲು ಕೇಳ್ದೆಯಾ? ಸರಿ, ಈಗ ಕಾರ್ಡ್ ತಗೊಂಡು ಕೂತ್ಕೋ. ಕಂಪನಿ ಹೆಸರು ಬೇಡ ಕಣೇ, ಅದರ ಕೆಳಗೆ ಪ್ಲಾನಿನ ಹೆಸರು ಅಂತ ಸಣ್ಣಕ್ಕೆ ಬರೆದಿರ್ತಾರೆ ನೋಡು, ಅದನ್ನ ಓದು."